ಐದು ದಿನದಲ್ಲಿ ದುಂಡಗಾದ ಕೂಸು

ನಾನು ನೇಯ್ದ ಕಂಬಳಿಯ ಮೇಲೆ ಇಡೀ ಕೃಷ್ಣಾ ನದಿಯನ್ನು ಸುರಿದರೂ ಕೆಳಗೆ ಒಂದು ಹನಿ ಇಳಿಯುವುದಿಲ್ಲ. ಬೇಕಾದರೆ ದೇವದುರ್ಗದಲ್ಲಿ ಯಾರನ್ನಾದರೂ ಕೇಳಿ. ಅವರು ನಕ್ಕರೆ ಅದು ಹೊಟ್ಟೆಕಿಚ್ಚು. ನನ್ನ ಕಂಬಳಿ ಹೊದ್ದು ಮಲಗಿದ್ದ ಕುರಿಗಾಹಿಯೊಬ್ಬನ ಮೇಲೆ ಮೂರು ದಿನ ಬಿಡದೆ ಮಳೆ ಸುರಿದು, ನಾಲ್ಕನೆಯ ದಿನ ಅವನು ಆಕಳಿಸುತ್ತ ಎದ್ದು "ಯಾಕೋ ಮೋಡ ಆದಂಗ ಅದಲ್ಲ?" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಮಾನ್ವಿಯಿಂದ ದೇವದುರ್ಗದವರೆಗೆ ಸಾಬಣ್ಣನ ಮಗ್ಗಕ್ಕೆ ಸಮನಾದ ಮಗ್ಗ ಇಲ್ಲ, ಸಾಬಣ್ಣನ ಬಾಯಿಗೆ ಸಮನಾದ ಬಾಯಿಯೂ ಇಲ್ಲ. ಎರಡನೆಯ ಮಾತು ಸೇರಿಸಿದವಳು ನಮ್ಮವ್ವ ಯಮನಮ್ಮ.

ಇಂಥ ಕಂಬಳಿಗಳನ್ನು ಆಳೆತ್ತರ ಒಟ್ಟಿದ ಮನೆಯಲ್ಲಿ ನನ್ನ ಮೊದಲ ಮೊಮ್ಮಗ ಚಳಿಯಿಂದ ಸಾಯಲು ಹೊರಟಿದ್ದ. ನಾನು ಐದು ದಿನ ಅದನ್ನು ನೋಡುತ್ತ ಕೂತಿದ್ದೆ. ನೋಡಿ ಹಿಗ್ಗುತ್ತ ಕೂತಿದ್ದೆ. ಇದೊಂದನ್ನಾದರೂ ಉಪ್ಪುಖಾರ ಹಚ್ಚದೆ ಹೇಳಬೇಕು ಎಂದುಕೊಂಡಿದ್ದೇನೆ. ಎಷ್ಟರಮಟ್ಟಿಗೆ ಆಗುತ್ತದೋ ನೋಡೋಣ.

ಎಂಬತ್ಮೂರನೆಯ ಇಸವಿಯ ಜನವರಿ. ಮಗಳು ಬಂಡೆಮ್ಮ ಚೊಚ್ಚಲ ಬಾಣಂತನಕ್ಕೆ ಪೋತ್ನಾಳದ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಿದ್ದಳು. ಅವಳ ತಾಯಿ ಹೋಗಿ ಆರು ವರ್ಷವಾಗಿತ್ತು. ಮನೆಯಲ್ಲಿ ಹೆಂಗಸು ಎಂದರೆ ನಮ್ಮವ್ವ, ಅವಳಿಗೋ ಸಾವಿರದ ಎಂಟು ವರ್ಷ. ಎಂಟು ತಿಂಗಳಿಗೇ ಹೆರಿಗೆಯಾಗಿ ಗಂಡು ಹುಟ್ಟಿತು. ನಾನು ಓಣಿಯಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ ಎಂದು ಸಾರಿದೆ. ಅಂಗೈಯಿಂದ ಮೊಣಕೈಯವರೆಗೆ ಮಲಗುವಷ್ಟಿದ್ದ ಕೂಸು ನಾಲ್ಕು ಸೇರು ತೂಗುತ್ತದೆ ಎಂದೆ. ಹುಟ್ಟಿದ ಕೂಡಲೇ ನನ್ನನ್ನು ನೋಡಿ ಹುಬ್ಬು ಹಾರಿಸಿತು ಎಂದೂ ಹೇಳಿದೆ. ಅಳಿಯ ಪರಮಣ್ಣನಿಗೆ ಪೋತ್ನಾಳದ ಕಡೆ ಹೋಗುವ ಲಾರಿಯವನ ಕೈಯಲ್ಲಿ "ಹೋರಿಗರ ಹುಟ್ಟ್ಯಾದ" ಎಂದು ಸುದ್ದಿ ಮುಟ್ಟಿಸಿದೆ.

ನಮ್ಮ ಮನೆಗೊಂದು ಕಟ್ಟಳೆ ಇದೆ. ಬೇರೆ ಕುರುಬರ ಮನೆಗಳಲ್ಲಿ ಇರಲಿಕ್ಕಿಲ್ಲ, ಇದು ನಮ್ಮಜ್ಜ ಹಾಕಿಹೋದದ್ದು. ವರ್ಷಕ್ಕೊಂದು ಕಂಬಳಿ ನಮ್ಮ ಮಗ್ಗದಿಂದ ಬೀರಪ್ಪನ ಗದ್ದುಗೆಗೆ ಹೋಗುತ್ತದೆ. ಅದು ಮಗ್ಗದ ಮೇಲಿರುವಾಗ ಮನೆಯಲ್ಲಿ ಹೆರಿಗೆಯಾದರೆ, ಐದನೆಯ ದಿನದ ಪೂಜೆ ಮುಗಿದು ಮೈಲಿಗೆ ಕಳೆಯುವವರೆಗೆ ಬಾಣಂತಿಗೂ ಕೂಸಿಗೂ ಉಣ್ಣೆಯ ಒಂದು ಎಳೆ ಕೂಡ ಸೋಕಬಾರದು. ಸೋಕಿದರೆ ಆ ವರ್ಷ ದೇವರಿಗೆ ಕಂಬಳಿ ಇಲ್ಲ. ಮಗ್ಗದ ಮೇಲೆ ಆಗ ಮುಕ್ಕಾಲು ನೇಯ್ದದ್ದು ಇತ್ತು, ಕರಿಯ ಅಂಚಿನದು. ಅಂಥದ್ದನ್ನು ಬೀರಪ್ಪ ತನ್ನ ಜನ್ಮದಲ್ಲೇ ನೋಡಿರಲಿಲ್ಲ.

ಹಾಗಾದರೆ ಕೌದಿ ಹೊದಿಸಬಾರದೇ ಎನ್ನುತ್ತೀರಿ. ಕಂಬಳಿ ನೇಯುವವನ ಮನೆಯಲ್ಲಿ ಕೌದಿ ಯಾಕಿರುತ್ತದೆ? ಇದ್ದದ್ದು ಒಂದೇ, ಅದನ್ನು ಬಾಣಂತಿಯ ಹೊರಸಿಗೆ ಹಾಸಿತ್ತು. ಹೊರಸಿನ ಕೆಳಗೆ ಕೆಂಡದ ಬೋಗುಣಿಯೂ ಇತ್ತು. ಕೂಸನ್ನು ಮಾತ್ರ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮೊರದಲ್ಲಿ ಜೋಳ ಹರವಿ, ಅದರ ಮೇಲೆ ಬಾಗಿಲ ಬಳಿ ಮಲಗಿಸಿದ್ದೆವು. ಬಾಗಿಲ ಬಳಿ ಎಂದು ಹೇಳಿದವನು ನಾನೇ. ನೋಡಲು ಬಂದವರಿಗೆ ಒಳಗಿನ ಕತ್ತಲಲ್ಲಿ ಏನು ಕಾಣಬೇಕು?

ಮೊದಲೆರಡು ದಿನ ಬಂದವರು ಎರಡು ಸಾವಿರ ಜನ. ಬಂದವರಿಗೆಲ್ಲ ನಾನು ಸೀರೆಯ ತುಂಡು ಬಿಚ್ಚಿ ಗಂಡುಕೂಸನ್ನು ಅಡಿಯಿಂದ ಮುಡಿಯವರೆಗೆ ತೋರಿಸಿದೆ. ದಿನಕ್ಕೆರಡು ಸಲ ಪಕ್ಕದ ಮನೆಯ ಬೂದೆಮ್ಮ ಬಂದು ಅಂಗಳದಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಊರಿನ ಅರ್ಧ ಕೂಸುಗಳು ಅವಳ ಕಾಲ ಮೇಲೆ ಮಿಂದವು. ಬೆಳಗಿನ ಮೀಯುವಿಕೆ ಹೊತ್ತು ಹುಟ್ಟುವ ಮೊದಲೇ. ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತವೆ, ಅದನ್ನು ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಆದರೆ ಜನವರಿಯ ಮುಂಜಾನೆ ಬಯಲಿನಿಂದ ಬರುವ ಗಾಳಿ ಬೇರೆಯೇ. ದೊಡ್ಡವರಾದ ನಾವು ಅದನ್ನು ಕಂಬಳಿಯೊಳಗಿನಿಂದ ಮಾತ್ರ ಬಲ್ಲೆವು.

ಎರಡನೆಯ ದಿನ ಸಂಜೆ ಬಂಡೆಮ್ಮ ಹೊರಸಿನಿಂದ ಕರೆದಳು.

"ಯಪ್ಪಾ, ಕೂಸಿನ ಕಾಲು ತಣ್ಣಗ ಹತ್ತಾಕತ್ತಾವು. ನನ್ನ ಬಗಲಾಗ ಹಾಕು."

"ನಿನ್ನ ಬಗಲಾಗ ಹಾಕಿದ್ರ ಮಂದಿ ಏನು ನಿನ್ನ ಮಾರಿ ನೋಡಬೇಕೇನು?" ಎಂದೆ ನಾನು. "ರಾಯಚೂರು ಸೀಮ್ಯಾಗ ಥಂಡಿಗೆ ಸತ್ತವರು ಯಾರದಾರ ಹೇಳು. ಇಲ್ಲಿ ಹೆಣಕ್ಕೂ ಸೆಕಿ ಆಗ್ತದ."

"ಒಂದು ಕಂಬಳಿ ತುಂಡಾದ್ರೂ..."

"ಬಾಯಿ ಮುಚ್ಚು!" ನಮ್ಮವ್ವ ಒಳಗಿನಿಂದ ಗದರಿದಳು. "ಮಗ್ಗದ ಮ್ಯಾಲೆ ದೇವರದು ಅದ. ಇನ್ನ ಮೂರು ದಿನ ತಡಿಯಾಕ ಆಗಂಗಿಲ್ಲೇನು ನಿನಗ? ನಿಮ್ಮಪ್ಪನೂ ಹಂಗ ಬೆಳದಾನ. ಏನಾಗ್ಯಾದ ಅವಂಗ?"

"ಏನಾಗ್ಯಾದ ಅಂತ ಊರಿಗೇ ಗೊತ್ತದ" ಎಂದು ಗೊಣಗಿ ಬಂಡೆಮ್ಮ ಗೋಡೆಗೆ ಮುಖ ಮಾಡಿದಳು.

ಮೂರನೆಯ ದಿನ ಬೆಳಿಗ್ಗೆ ನಾನು ಮೊರದ ಹತ್ತಿರ ಹೋಗಿ ನೋಡಿದರೆ ಕೂಸಿನ ಕೆನ್ನೆ ಕೆಂಪಗೆ ಹಣ್ಣಾಗಿತ್ತು. ಮೂಗಿನ ತುದಿ, ಅಂಗೈ, ಅಂಗಾಲು ಎಲ್ಲ ಕೆಂಪು. ನಿನ್ನೆ ಸುಕ್ಕುಗಟ್ಟಿದ್ದ ಕೈಗಳು ತುಂಬಿಕೊಂಡಿದ್ದವು. ಕಾಲುಗಳು ಕಡೆದಿಟ್ಟ ಹಾಗೆ ದುಂಡಗೆ, ನುಣ್ಣಗೆ. ನಾನು ಕುಣಿದುಬಿಟ್ಟೆ. ಎರಡು ರಾತ್ರಿಯಲ್ಲಿ ಹೀಗೆ ಮೈ ತುಂಬುವ ಕೂಸನ್ನು ಯಾವ ರಾಜನ ಮನೆಯಲ್ಲೂ ಕಂಡವರಿಲ್ಲ ಎಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೂಗಿ ಬಂದೆ. ಮೊದಲು ನಾಲ್ಕು ಸೇರು ಎಂದಿದ್ದವನು ಈಗ ಆರು ಎಂದೆ. ಜನ ಮತ್ತೆ ಬಂದರು. ನಾನು ಮತ್ತೆ ಬಿಚ್ಚಿದೆ.

"ಕೆಂಪು ನೋಡು, ಕೆಂಪು! ನಮ್ಮ ವಂಶದ ರಕ್ತ ಅದು, ತಡಿಲಾರದ ಹೊರಗ ಬರಾಕತ್ತದ."

ಬೂದೆಮ್ಮ ಮಾತ್ರ ಕೂಸಿನ ಕಾಲು ಹಿಡಿದು ತಿರುಗಿಸಿ ನೋಡಿದಳು. "ಸಾಬಣ್ಣ, ಇದು ಬಾವು ಇದ್ದಂಗ ಅದಲ್ಲೋ. ಯಾರದರ ಕಣ್ಣು ತಾಗಿರಬೇಕು."

"ಕಣ್ಣು ತಾಗಿದ್ರ ಸೊರಗಬೇಕು ಬೇ, ದಪ್ಪ ಆಗ್ತಾರೇನು? ಹಂಗಿದ್ರ ನನಗೂ ಯಾರರ ಕಣ್ಣು ಹಾಕ್ಲಿ" ಎಂದು ನನ್ನ ಒಣಕಲು ತೋಳು ತೋರಿಸಿದೆ. ಕೂತವರೆಲ್ಲ ನಕ್ಕರು. ಬೂದೆಮ್ಮನೂ ನಕ್ಕು ನಿವಾಳಿಸಿ ಎದ್ದುಹೋದಳು.

ನಾಲ್ಕನೆಯ ದಿನ ಕೂಸು ಅಳುವುದನ್ನು ನಿಲ್ಲಿಸಿತು. ಎಂಥ ಸಮಾಧಾನದ ಜೀವ, ಸಂತ ಆಗುತ್ತಾನೆ ಎಂದೆ. ಬಂಡೆಮ್ಮನಿಗೆ ಅಂದೇ ಹಾಲಿಳಿದು ಎದೆಗೆ ಹಚ್ಚಿದರೆ ಕೂಸು ಬಾಯಿ ತೆರೆಯಲಿಲ್ಲ. ಮೂರು ದಿನ ಬೆಲ್ಲದ ನೀರು ಕುಡಿದು ಹೊಟ್ಟೆ ತುಂಬಿದೆ ಎಂದೆ. ಅವತ್ತೆಲ್ಲ ಅದು ಕಣ್ಣು ಬಿಡಲಿಲ್ಲ. ನಿದ್ದೆಯಲ್ಲೇ ಬೆಳೆಯುತ್ತಿದೆ ಎಂದೆ. ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಹೊಗಳಿಕೆ ಸಿದ್ಧವಿತ್ತು. ಬಂಡೆಮ್ಮನಿಗೆ ಆ ಸಂಜೆ ಚಳಿಜ್ವರ ಬಂತು. ಹಲ್ಲು ಕಟಕಟಿಸುತ್ತ ಅವಳು ನನ್ನನ್ನೇ ದಿಟ್ಟಿಸಿ ಒಂದು ಮಾತು ಹೇಳಿದಳು.

"ಕುರಿಮರಿ ಹಿಂಗ ಮಲಗಿದ್ರ ನೀನು ಅಂಗಿ ಒಳಗ ಹಾಕ್ಕೊಂತಿದ್ದಿ ಯಪ್ಪಾ."

ಅದು ನಿಜ. ಅವಧಿಗೆ ಮೊದಲೇ ಬಿದ್ದ ಏಳುನೂರು ಮರಿಗಳನ್ನು ನಾನು ಎದೆಗೆ ಕಟ್ಟಿಕೊಂಡು ಉಳಿಸಿದ್ದೇನೆ. ಏಳುನೂರಲ್ಲದಿದ್ದರೆ ಏಳಾದರೂ ಹೌದು. ಆದರೆ ಮರಿ ಚಳಿಗೆ ಸಿಕ್ಕಿದರೆ ಸೆಟೆಯುತ್ತದೆ, ಕೆಂಪಗೆ ದುಂಡಗೆ ಆಗುವುದಿಲ್ಲ. ನನ್ನ ಜಾಣತನ ಅಲ್ಲಿಗೇ ಮುಗಿದಿತ್ತು.

ಐದನೆಯ ದಿನ ಬೆಳಿಗ್ಗೆ ಗುಲಾಮ್ ದಸ್ತಗೀರ್ ಬಂದ. ರಾಯಚೂರಿನ ಕಂಬಳಿ ವ್ಯಾಪಾರಿ, ಇಪ್ಪತ್ತು ವರ್ಷದ ಗೆಳೆಯ, ನನ್ನ ಸುಳ್ಳುಗಳನ್ನು ಸಗಟಿನಲ್ಲಿ ಕೊಳ್ಳುವವನು. ಟೆಂಪೊದಲ್ಲಿ ಆಗಲೇ ಅರ್ಧದಷ್ಟು ಕಂಬಳಿ ತುಂಬಿತ್ತು. ಸಂಜೆ ಪೂಜೆ ಇದೆ, ಉಂಡು ಹೋಗು ಎಂದು ಹೇಳಿ ನಾನು ಅವನನ್ನು ಮೊರದ ಹತ್ತಿರ ಎಳೆದೊಯ್ದೆ.

"ನೋಡು ದಸ್ತಗೀರ್, ಎಂಟು ಸೇರು! ಐದು ದಿನಕ್ಕ ಹಿಂಗಾದ್ರ ಐದು ತಿಂಗಳಿಗೆ ನಿನ್ನ ಟೆಂಪೊ ಎತ್ತತಾನ."

ದಸ್ತಗೀರ್ ನಗುತ್ತ ಬಗ್ಗಿ ಕೂಸಿನ ಪಾದ ಹಿಡಿದು ತುಟಿಗೆ ಒತ್ತಿಕೊಂಡ. ಒತ್ತಿಕೊಂಡವನು ನಗು ನಿಲ್ಲಿಸಿದ. ಹೆಬ್ಬೆಟ್ಟಿನಿಂದ ಕಾಲಿನ ಮೇಲ್ಭಾಗವನ್ನು ಮೆಲ್ಲಗೆ ಅದುಮಿ ಬಿಟ್ಟ. ಅದುಮಿದಲ್ಲಿ ಕುಳಿ ಬಿತ್ತು. ನಾವಿಬ್ಬರೂ ನೋಡುತ್ತಿದ್ದೆವು. ಆ ಕುಳಿ ಮುಚ್ಚಲಿಲ್ಲ.

"ಸಾಬಣ್ಣ, ಇದು ಮಾಂಸ ಅಲ್ಲೋ. ನೀರು."

"ಏನು ನೀರು?"

"ಮೈಯಾಗ ನೀರು ತುಂಬ್ಯಾದ. ಹೊಟ್ಟಿ ಮುಟ್ಟಿ ನೋಡು. ಕೊಡ ಮುಟ್ಟಿದಂಗ ಅದ. ನನ್ನ ತಮ್ಮನ ಕೂಸು ಹಿಂಗ ಆಗಿ ಹೋಯ್ತು. ಹಡದಾಕಿನ್ನ ಎಬ್ಬಸು, ಗಾಡಿ ಹತ್ರಿ. ಈಗ, ಅಬ್ಬೀ!"

ನಾನು ಕೂಸಿನ ಹೊಟ್ಟೆ ಮುಟ್ಟಿದೆ. ಐದು ದಿನದಲ್ಲಿ ನಾನು ಅದನ್ನು ಎಷ್ಟೋ ಸಲ ಬಿಚ್ಚಿ ತೋರಿಸಿದ್ದೆ. ಮುಟ್ಟಿ ನೋಡಿದ್ದು ಅದೇ ಮೊದಲು.

ನಮ್ಮವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. ಹೋಗಬೇಡ ಎನ್ನಲಿಲ್ಲ. "ಪೂಜಿ ಆಗಿಲ್ಲ, ಉಣ್ಣಿ ಮುಟ್ಟಿಸಬ್ಯಾಡೋ ಯಪ್ಪಾ. ಕೂಸಿಗೆ ದೇವರ ಸಿಟ್ಟು ಬ್ಯಾರೆ ಬ್ಯಾಡ" ಎಂದು ಅಳುತ್ತ ಹೇಳಿದಳು. ಅವಳ ಆ ಅಳುವಿನಿಂದಲೇ ನಾನು ಮುಂದಿನ ತಪ್ಪು ಮಾಡಿದೆ. ಅವಳ ಮೇಲೆ ಹಾಕುತ್ತಿಲ್ಲ. ಕೈ ನನ್ನದೇ.

ಟೆಂಪೊದ ಹಿಂಭಾಗದಲ್ಲಿ ಕಂಬಳಿಯ ಗಂಟುಗಳ ಮೇಲೆ ಗೋಣಿಚೀಲ ಹಾಸಿದೆ. ಬಾಣಂತಿಗೆ ಉಣ್ಣೆ ಸೋಕದಂತೆ ನಾಲ್ಕೂ ಕಡೆ ಒತ್ತಿ ಒತ್ತಿ ಹಾಸಿದೆ. ಅದರ ಮೇಲೆ ಬಂಡೆಮ್ಮನನ್ನು ಕೂರಿಸಿ ನಾನು ಎದುರಿಗೆ ಕೂತೆ. ತಾಡಪಾಲು ಪಟಪಟ ಹೊಡೆದುಕೊಂಡು ಗಾಳಿ ಒಳಗೆ ನುಗ್ಗುತ್ತಿತ್ತು. ಗಬ್ಬೂರು ದಾಟುವ ಮೊದಲು ಅವಳು ಕೇಳಿದಳು.

"ಒಂದು ಕಂಬಳಿ ತಗದುಕೊಡು."

"ಸಂಜಿ ತನಕ ತಡಿಯವ್ವ."

"ನನ್ನ ಮೈಯೇ ನಡಗಾಕತ್ತದ. ಇದಕ್ಕ ಬೆಚ್ಚಗ ಎಲ್ಲಿಂದ ಕೊಡ್ಲಿ?"

"ದೇವರ ಸಿಟ್ಟು..."

"ದೇವರು ನಿನ್ನಂಗ ಹೊದ್ದುಕೊಂಡು ಕೂತಾನ?"

ನನ್ನ ಹೆಗಲ ಮೇಲೆ ನನ್ನದೇ ಕಂಬಳಿ ಇತ್ತು. ನಾನು ಅದನ್ನು ತೆಗೆದು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳಿಗೆ ಕೊಡಲಿಲ್ಲ. ಕಲ್ಮಲ ದಾಟಿತು, ರಾಯಚೂರಿನ ಕೋಟೆ ಕಂಡಿತು. ಅಷ್ಟು ದೂರವೂ ಕಂಬಳಿಗಳ ಮೇಲೆ ಕೂತು ನಾನು ಆ ಕೂಸನ್ನು ಸೀರೆಯ ತುಂಡಿನಲ್ಲಿ ತಂದೆ. ಈ ಮಾತಿನಲ್ಲಿ ಒಂದಿಷ್ಟೂ ಹೆಚ್ಚಿಲ್ಲ.

ದೊಡ್ಡ ದವಾಖಾನೆಯಲ್ಲಿ ಒಬ್ಬ ಎಳೆಯ ಡಾಕ್ಟರು ಕೂಸನ್ನು ಮೇಜಿನ ಮೇಲೆ ಮಲಗಿಸಿ ಕೇಳಿದ, ಈ ಬಾವು ಯಾವಾಗಿನಿಂದ?

"ಇವತ್ತು ಮುಂಜಾನಿಂದ ಸಾಹೇಬ್ರ" ಎಂದೆ. ನಾಚಿಕೆಗೆ ಹೇಳಿದೆನೋ, ಚಟಕ್ಕೆ ಹೇಳಿದೆನೋ ಗೊತ್ತಿಲ್ಲ. "ನಿನ್ನಿ ತನಕ ಹಾಲು ಗಟಗಟ ಕುಡಿತಿತ್ತು. ಅತ್ತರ ಊರೇ ಎದ್ದು ಕೂಡತಿತ್ತು. ತುಂಬಿದ ಒಂಬತ್ತು ತಿಂಗಳ ಕೂಸು."

ಡಾಕ್ಟರು ಹುಬ್ಬು ಗಂಟಿಕ್ಕಿದ. ಹಾಗಾದರೆ ಮೂತ್ರಪಿಂಡದ್ದೋ ಹೃದಯದ್ದೋ ಇರಬೇಕು, ಒಂದೇ ದಿನದಲ್ಲಿ ಬಂದಿದೆ ಎನ್ನುತ್ತಾನಲ್ಲ ಎಂದು ಪಕ್ಕದಲ್ಲಿದ್ದ ನರ್ಸಿಗೆ ಏನೋ ಔಷಧಿ ಹೇಳತೊಡಗಿದ.

"ಸುಳ್ಳು" ಎಂದಳು ಬಂಡೆಮ್ಮ.

ಅವಳು ಗೋಡೆ ಹಿಡಿದು ನಿಂತಿದ್ದಳು. "ಇವಾ ಹೇಳೋದೆಲ್ಲ ಸುಳ್ಳು ಸಾಹೇಬ್ರ. ಎಂಟು ತಿಂಗಳಿಗೆ ಹುಟ್ಟ್ಯಾದ. ಎರಡನೇ ದಿನಾನೇ ಕಾಲು ತಣ್ಣಗಿದ್ವು. ಮೂರನೇ ದಿನ ಬಾತ್ವು. ನಿನ್ನಿಂದ ಅಳಂಗಿಲ್ಲ, ಒಂದು ಹನಿ ಕುಡದಿಲ್ಲ. ಬಾಗಲದಾಗ ಮಲಗಿಸಿ ಮಂದಿಗೆ ಬಿಚ್ಚಿ ಬಿಚ್ಚಿ ತೋರಿಸ್ಯಾನ. ನಮ್ಮಪ್ಪ ಹೇಳಿದ್ದರಾಗ ಒಂದು ಮಾತೂ ಬರಕೋಬ್ಯಾಡ್ರಿ."

ಡಾಕ್ಟರು ನನ್ನ ಕಡೆ ತಿರುಗಿದ. "ಹೌದೇನು?"

"ಹೌದ್ರಿ" ಎಂದೆ.

ನರ್ಸ್ ಹಸೀನಾ ಬೇಗಂ ಆಗಲೇ ಥರ್ಮಾಮೀಟರು ಇಟ್ಟಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು, ಬಾಯಿ ನನ್ನ ಬಾಯಿಗಿಂತ ಒಂದು ಗೇಣು ಉದ್ದ. ಹೊರಗೆ ತೆಗೆದು ನೋಡಿ, ಕೊಡವಿ, ಮತ್ತೆ ಇಟ್ಟು ನೋಡಿದಳು. ಪಾದರಸ ಎದ್ದೇ ಇರಲಿಲ್ಲ.

"ಥಂಡಿ ಹೊಡದದ ಸಾಹೇಬ್" ಎಂದು ಹೇಳಿ ನನ್ನನ್ನು ನೋಡಿದಳು. "ಕ್ಯಾ ಬಾಬಾ, ಕೆಂಪಗದ ಅಂತ ಖುಷಿ ಪಟ್ಟಿಯೇನು?"

"ಹೌದ್ರಿ."

"ಎಲ್ಲಾರೂ ಪಡ್ತಾರ. ದೊಡ್ಡ ಹುಡುಗ್ರಿಗೆ ಮೂತ್ರಪಿಂಡ ಕೆಟ್ಟರ ಮಾರಿ ಬಾಯ್ತದ. ಬರೇ ಗಂಜಿ ತಿಳಿ ಕುಡಿಸಿ ಬೆಳೆಸಿದ್ರ ಕಾಲು ಬಾಯ್ತಾವ. ಅದನ್ನ ನೋಡಿ ಹೆದರಿ ಓಡಿ ಬರ್ತಾರ. ಹಸುಗೂಸು ಥಂಡಿಗೆ ಬಾತ್ರ ಮಾತ್ರ ಬೆಲ್ಲ ಹಂಚ್ತಾರ. ಕೆಂಪಗ ಆಗ್ತದ, ದುಂಡಗ ಆಗ್ತದ, ಅಳಂಗಿಲ್ಲ, ಕುಡಿಯಂಗಿಲ್ಲ. ಆಮ್ಯಾಲ ಗಟ್ಟಿ ಆಗ್ತದ."

"ಗಟ್ಟಿ ಆದಮ್ಯಾಲೆ?"

ಅವಳು ಕೂಸನ್ನು ತಕ್ಕಡಿಯ ಮೇಲಿಟ್ಟಳು. ತೂಗಿದಳು. ಬಾವಿನ ನೀರೂ ಸೇರಿ ಒಂದು ಕಿಲೊ ಏಳುನೂರು ಗ್ರಾಂ. ಮುಂಜಾನೆಯಷ್ಟೇ ನಾನು ಎಂಟು ಸೇರು ಎಂದು ಕೂಗಿದ್ದೆ.

ಕಾಯಿಸುವ ಗಾಜಿನ ಪೆಟ್ಟಿಗೆಯಲ್ಲಿ ಆಗಲೇ ಎರಡು ಕೂಸುಗಳಿದ್ದವು. ಡಾಕ್ಟರು ಸೂಜಿ ಚುಚ್ಚಿದ, ಸಣ್ಣ ನಳಿಗೆಯಲ್ಲಿ ಗ್ಲೂಕೋಸು ಹನಿ ಬಿಟ್ಟ. ಒಮ್ಮೆಗೇ ಕೆಂಡ ಕಾಯಿಸಿದರೆ ಉಳಿಯುವುದಿಲ್ಲ, ನಿಧಾನವಾಗಿ, ಮನುಷ್ಯರ ಮೈಯ ಕಾವೇ ಒಳ್ಳೆಯದು ಎಂದ. ಆದರೆ ಬಂಡೆಮ್ಮನಿಗೆ ಜ್ವರ ನೂರಾಮೂರಕ್ಕೆ ಏರಿತ್ತು. ಅದು ಇಳಿಯುವವರೆಗೆ ಕೂಸನ್ನು ಅವಳಿಗೆ ಕಟ್ಟುವ ಹಾಗಿರಲಿಲ್ಲ.

"ಮತ್ಯಾರದಾರ?" ಎಂದಳು ಹಸೀನಾ ಬೇಗಂ. "ಅತ್ತಿ? ಅಕ್ಕ? ಚಿಗವ್ವ?"

"ನಾನೊಬ್ಬನೇ ರೀ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಿ ಬಿಚ್ಚು. ಸಾಬೂನು ಹಚ್ಚಿ ಎದಿ ತೊಳಕೊಂಡು ಬಾ. ಆ ಕಂಬಳಿ ಯಾಕ ಬಗಲಾಗ ಹಿಡದೀ, ಹರಾಜಿಗೆ ತಂದೀಯೇನು? ಹೊದ್ದುಕೊ ಅದನ್ನ."

ಪೂಜೆಗೆ ಇನ್ನೂ ಆರು ತಾಸು ಇತ್ತು. ನಾನು ಬಂಡೆಮ್ಮನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಕೂಸಿನ ಎದೆ ಏಳುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ನಾನು ಅಂಗಿ ಬಿಚ್ಚಿದೆ. ಆ ವರ್ಷ ಗದ್ದುಗೆಗೆ ನಮ್ಮ ಮನೆಯ ಕಂಬಳಿ ಹೋಗಲಿಲ್ಲ.

ಹೆಂಗಸರ ವಾರ್ಡಿನ ಹೊರಗೆ ಪಡಸಾಲೆಯ ಮೂಲೆಯಲ್ಲಿ ಒಂದು ಪರದೆ ಕಟ್ಟಿ, ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಕೂಸನ್ನು ಬರಿಮೈಯಲ್ಲಿ ನನ್ನ ಎದೆಗೆ ಕವುಚಿ ಮಲಗಿಸಿ, ತಲೆಗೆ ಹತ್ತಿಯ ಕುಲಾವಿ ಹಾಕಿ, ಧೋತರದ ಪಟ್ಟಿಯಿಂದ ಬಿಗಿದು, ಮೇಲೆ ಕಂಬಳಿ ಹೊದಿಸಿದರು. ಬಾವಿಯಿಂದ ಆಗತಾನೆ ಎತ್ತಿದ ಕಲ್ಲನ್ನು ಎದೆಯ ಮೇಲೆ ಇಟ್ಟ ಹಾಗಿತ್ತು. ನಾನು ಜೀವನದಲ್ಲಿ ಹೇಳಿದ ಸುಳ್ಳುಗಳೆಲ್ಲ ಒಟ್ಟಾಗಿ ಅಷ್ಟು ತೂಗಲಾರವು.

"ಮಾತಾಡಬ್ಯಾಡ, ಅಲುಗ್ಯಾಡಬ್ಯಾಡ" ಎಂದಳು ಹಸೀನಾ ಬೇಗಂ. ತಾಸಿಗೊಮ್ಮೆ ಬಂದು ಥರ್ಮಾಮೀಟರು ಇಡುತ್ತಿದ್ದಳು, ಬಂಡೆಮ್ಮನಿಂದ ಹಿಂಡಿ ತಂದ ಹಾಲನ್ನು ಒಳಲೆಯ ಮೂತಿಯಿಂದ ಕೂಸಿನ ತುಟಿಗೆ ಒಂದೊಂದೇ ಹನಿ ಮುಟ್ಟಿಸುತ್ತಿದ್ದಳು. ಹೆಚ್ಚಿನದು ಗಲ್ಲದ ಮೇಲೆ ಹರಿದು ನನ್ನ ಎದೆಗೆ ಇಳಿಯುತ್ತಿತ್ತು. "ಅರೇ, ಎದಿ ಮ್ಯಾಲೆ ಇಷ್ಟು ಕೂದಲ! ನಿನಗ ಕಂಬಳಿ ಯಾಕ ಬೇಕಿತ್ತೋ? ಕತ್ತರಿಸಿದ್ರ ಎರಡು ನೇಯಬಹುದು."

"ಮೂರು" ಎಂದೆ.

ಮೊದಲ ದಿನ ಏನೂ ಆಗಲಿಲ್ಲ. ಎರಡು ಸಲ ಕೂಸು ಉಸಿರು ನಿಲ್ಲಿಸಿತು. ಎರಡು ಸಲವೂ ನಾನು ಕೂಗಿದೆ, ಹಸೀನಾ ಬೇಗಂ ಓಡಿ ಬಂದು ಅಂಗಾಲಿಗೆ ಚಿವುಟಿ ಎಬ್ಬಿಸಿದಳು. ಎರಡನೆಯ ಸಲದ ನಂತರ ಅವಳು ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಆಗ ನಾನು ಅವಳಿಗೆ ಮೊರದ ಕಥೆ, ಗೋಣಿಚೀಲದ ಕಥೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಂಬಳಿಯ ಅಂಚನ್ನು ಸರಿಮಾಡಿದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಎದೆಯ ಮೇಲಿನ ಕಲ್ಲು ಬೆಚ್ಚಗಾದ ಹಾಗೆ ಅನಿಸಿತು. ನನ್ನ ಮಾತನ್ನು ನಾನೇ ನಂಬಲಿಲ್ಲ. ಹಸೀನಾ ಬೇಗಂ ಬಂದು ಥರ್ಮಾಮೀಟರು ಇಟ್ಟು ನೋಡಿ "ಏರ್ಯಾದ" ಎಂದ ಮೇಲೆಯೇ ನಂಬಿದ್ದು. ಅದೇ ಹೊತ್ತಿಗೆ ಕೂಸು ನನ್ನ ಎದೆಯ ಮೇಲೆ ಉಚ್ಚೆ ಹೊಯ್ಯಿತು. "ಬಾವು ಹೊರಗ ಬರಾಕತ್ತದ, ಹೊಯ್ಯಲಿ ಹೊಯ್ಯಲಿ" ಎಂದಳು ಅವಳು. ಆ ದಿನ ಅದು ಹೊಯ್ದದ್ದರಲ್ಲಿ ಪೋತ್ನಾಳದ ಗದ್ದೆಗಳಲ್ಲೆಲ್ಲ ಎರಡು ಬೆಳೆ ತೆಗೆಯಬಹುದಿತ್ತು.

ಮೂರನೆಯ ದಿನ ಬಂಡೆಮ್ಮನ ಜ್ವರ ಬಿಟ್ಟಿತ್ತು. ಗೋಡೆ ಹಿಡಿಯದೆ ನಡೆದು ಪರದೆಯೊಳಗೆ ಬಂದಳು. ನಾನು ಕಂಬಳಿ ಸರಿಸಿದೆ. ಕೂಸನ್ನು ನೋಡಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ದುಂಡಗಿದ್ದ ಕೂಸು ಅಲ್ಲಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕೆಂಪು ಹೋಗಿ ಬೂದು ಬಣ್ಣ. ಬೆರಳುಗಳು ಜೀರಿಗೆಯ ಹಾಗೆ. ತೊಡೆಯ ಚರ್ಮ ಜೋತು ಸುಕ್ಕಾಗಿ, ಪಕ್ಕೆಲುಬು ಒಂದೊಂದೇ ಎಣಿಸುವಂತೆ ಕಾಣುತ್ತಿತ್ತು. ನಮ್ಮವ್ವನನ್ನು ಒಗೆದು ಒಣಗಿಸಿ ಚಿಕ್ಕದು ಮಾಡಿದ ಹಾಗಿತ್ತು.

"ಏನು ಮಾಡಿದಿ ಯಪ್ಪಾ? ಎಲ್ಲಿ ಹೋಯ್ತು ಮೈ?"

"ಇಷ್ಟೇ ಇತ್ತವ್ವ" ಎಂದೆ. "ಇದು ಹುಟ್ಟಿದ್ದು ಇಷ್ಟೇ."

ಹಸೀನಾ ಬೇಗಂ ತೂಗಿ ತಂದು ಹೇಳಿದಳು, ಒಂದು ಕಿಲೊ ನಾನೂರೈವತ್ತು. ಬಾವೆಲ್ಲ ಇಳಿದಿದೆ, ಇದೇ ನಿನ್ನ ಕೂಸು, ಇನ್ನು ಇದನ್ನು ಬೆಳೆಸು. ಬಂಡೆಮ್ಮ ನನ್ನ ಕುರ್ಚಿಯ ಮೇಲೆ ಕೂತು ಕುಪ್ಪಸ ಸಡಿಲಿಸಿ ಎದೆಗೆ ಹಚ್ಚಿಕೊಂಡಳು. ಕೂಸು ಮೂಗಿನಿಂದ ಹುಡುಕಿತು, ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿದು ಎಳೆಯತೊಡಗಿತು. ನಾನು ಪರದೆಯ ಆಚೆ ಬಂದೆ. ನನ್ನ ಎದೆ ಮೂರು ದಿನದ ಮೇಲೆ ಮೊದಲ ಸಲ ಬರಿದಾಗಿ, ಗಾಳಿ ತಾಗಿ ಚಳಿಯಾಯಿತು.

ಇನ್ನೂ ಎಂಟು ದಿನ ಇಟ್ಟುಕೊಂಡರು. ಕಳಿಸುವಾಗ ಹಸೀನಾ ಬೇಗಂ ಬಂಡೆಮ್ಮನಿಗೆ ಹೇಳಿದಳು, "ನಲವತ್ತು ದಿನ ಮೈಗೆ ಹತ್ತಿಸಿಕೊಂಡೇ ಇರು. ಕೂಸು ತುಂಬಿಕೊಳ್ಳೋ ತನಕ ಜಳಕ ಬ್ಯಾಡ, ಒರೆಸು ಸಾಕು. ಯಾರು ಬಂದ್ರೂ ಬಿಚ್ಚಿ ತೋರಿಸಬ್ಯಾಡ. ಗಾಳಿಗೆ ಒಡ್ಡಬ್ಯಾಡ. ಗಂಡಾಂತರ ಪೂರಾ ಹೋಗಿಲ್ಲ, ತಿಳಿತೇನು?"

ಅಳಿಯ ಪರಮಣ್ಣ ಬಂದಿದ್ದ. ಹೋರಿಗರು ನೋಡಲು ಬಂದವನು ಕುಲಾವಿಯೊಳಗಿನ ಮುಷ್ಟಿಯಷ್ಟು ಮುಖ ನೋಡಿ ನನ್ನನ್ನು ಏನೂ ಕೇಳಲಿಲ್ಲ. ಒಳ್ಳೆಯ ಹುಡುಗ. ದವಾಖಾನೆಯ ಗೇಟಿನ ಹತ್ತಿರ ನಾನು ದೇವದುರ್ಗದ ಬಸ್ಸಿನ ಮಾತೆತ್ತಿದೆ. ಚೊಚ್ಚಲ ಬಾಣಂತಿ ತವರಲ್ಲಿ ಐದು ತಿಂಗಳು ಇರಬೇಕು, ಅದು ರೂಢಿ.

"ನಾ ಪೋತ್ನಾಳಕ್ಕ ಹೋಗ್ತೀನಿ" ಎಂದಳು ಬಂಡೆಮ್ಮ.

"ಮಂದಿ ಏನಂತಾರವ್ವ? ಹದಿನಾರು ದಿನದ ಬಾಣಂತಿ..."

"ನೀನು ಅವರಿಗೆ ಏನರ ಹೇಳ್ತಿಯಲ್ಲ. ಅದನ್ನ ಹೇಳು."

"ಕೌದಿ ತರ್ತೀನಿ. ಬಾಗಲು ಹಾಕಿಸ್ತೀನಿ. ನಮ್ಮವ್ವಗ ನಾ ಹೇಳ್ತೀನಿ, ಇನ್ನ ಮ್ಯಾಲೆ..."

"ಯಪ್ಪಾ." ಅವಳು ದನಿ ಎತ್ತಲಿಲ್ಲ. "ಮೂರು ದಿನ ನೀನು ಎದಿ ಮ್ಯಾಲೆ ಹೊತ್ತಿ. ನಾ ಮರಿಯಂಗಿಲ್ಲ. ಅದಕ್ಕ ಮದಲಿನ ಐದು ದಿನಾನೂ ಮರಿಯಂಗಿಲ್ಲ. ನಿನ್ನ ಮನ್ಯಾಗ ನನಗ ನಿದ್ದಿ ಬರಂಗಿಲ್ಲ. ಬ್ಯಾಡ."

ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ, ಪೋತ್ನಾಳದ ಮೇಲೆ ಹೋಗುವ ಬಸ್ಸು ನಿಂತಿತ್ತು. ನಡುಮಧ್ಯಾಹ್ನ. ಬಸ್ಸಿನೊಳಗೆ ಜನ ಬೆವರೊರೆಸಿಕೊಳ್ಳುತ್ತಿದ್ದರು. ನಾನು ಮೊದಲೇ ಹತ್ತಿ ಕಂಡಕ್ಟರಿಗೆ, ಇದು ದೊಡ್ಡ ಸಾಹೇಬರ ಮೊಮ್ಮಗ, ಕೂಸಿಗೆ ಗಾಳಿ ತಾಗಿದರೆ ನಿನ್ನನ್ನು ಗುಲ್ಬರ್ಗಕ್ಕೆ ವರ್ಗ ಮಾಡುತ್ತಾರೆ ಎಂದು ಹೇಳಿ ನಡುವಿನ ಸೀಟು ಕೊಡಿಸಿದೆ. ಬಂಡೆಮ್ಮ ಕೂಸನ್ನು ಕುಪ್ಪಸದೊಳಗೆ ಎದೆಗೆ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು ಪರಮಣ್ಣನ ಪಕ್ಕ ಕೂತಳು. ಆಮೇಲೆ ನಾನು ಮುಂದಿನಿಂದ ಹಿಂದಿನವರೆಗೆ ಒಂದೊಂದೇ ಕಿಟಕಿಯ ತಗಡು ಇಳಿಸುತ್ತ ಹೋದೆ.

"ಏ ಮುದುಕ, ಏನು ಮಾಡಾಕತ್ತಿ? ಕುದ್ದು ಸಾಯಬೇಕೇನು ನಾವು?"

"ಮುಂದ ಜೇನು ಎದ್ದಾವಲೇ! ಕಲ್ಲೂರಿನ ಹತ್ರ ನಿನ್ನಿ ಒಂದು ಬಸ್ಸು ಪೂರಾ ಕಡದಾವು, ಡ್ರೈವರ್‌ನ ಮಾರಿ ಗುಂಬಳಕಾಯಿ ಆಗ್ಯಾದ, ಅವನ ಹೆಂಡತಿ ಮನಿಯೊಳಗ ಬಿಟ್ಟುಕೊಂಡಿಲ್ಲ!"

ನಾಲ್ಕು ಜನ ತಾವೇ ತಗಡು ಇಳಿಸಿದರು. ಬಂಡೆಮ್ಮ ನೋಡುತ್ತಿದ್ದಳು. ನಗಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಅವಳ ಸೀಟಿನ ಹತ್ತಿರ ಬಂದಾಗ ಸೆರಗನ್ನು ಒಂದು ಬೆರಳಷ್ಟು ಸರಿಸಿ, ನಾನು ಕುಲಾವಿಯನ್ನು ನೋಡಿದ ಮೇಲೆ ಮತ್ತೆ ಮುಚ್ಚಿದಳು. ಕಂಡಕ್ಟರು ಸೀಟಿ ಊದಿದ. ನಾನು ಇಳಿದೆ.

ಬಸ್ಸು ತಿರುಗುವಾಗ ಹಿಂದಿನ ಸೀಟಿನ ಯಾವನೋ ಒಬ್ಬ ತಗಡು ಮೇಲೆತ್ತಿ ಹೊರಗೆ ಉಗುಳಿ, ಹಾಗೆಯೇ ತೆರೆದು ಬಿಟ್ಟ. "ಹಾಕೋ! ಕಿಟಕಿ ಹಾಕಲೇ!" ಎಂದು ಕೂಗುತ್ತ ನಾನು ಹಿಂದೆ ಓಡಿದೆ. ಜನ ದಾರಿ ಬಿಟ್ಟು ನಿಂತು ನೋಡಿದರು. ಅವನಿಗೆ ಕೇಳಿಸಿತೋ ಇಲ್ಲವೋ, ಬಸ್ಸು ವೇಗ ಹಿಡಿಯಿತು. ನಾನು ಪೋತ್ನಾಳದವರೆಗೆ ಓಡಿದೆ ಎಂದು ದೇವದುರ್ಗದಲ್ಲಿ ಹೇಳಿದ್ದೇನೆ. ಓಡಿದ್ದು ಬಸ್ ಸ್ಟ್ಯಾಂಡಿನ ಗೇಟಿನವರೆಗೆ.